ರೊಟ್ಟಿಗೊಂದು ಗಂಟು

ಖಾನಾವಳಿ ನಡೆಸುವವನು ನಗಬೇಕೆಂದರೆ ನಾಟಕಕ್ಕೆ ಹೋಗಬೇಕಿಲ್ಲ. ನಾಲ್ಕು ಮಂದಿ ಉಣ್ಣಲು ಕೂತರೆ ಸಾಕು, ಏನಾದರೊಂದು ನಡೆದೇ ತೀರುತ್ತದೆ. ಶಿವನ ದಯೆಯಿಂದ ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಬೆಳಿಗ್ಗೆ ಪೂಜೆ, ಆಮೇಲೆ ಒಲೆ. ನನಗೆ ಎರಡೂ ಒಂದೇ. ಅಂಥ ನನಗೊಂದು ಹೊಸ ವ್ಯಾಪಾರದ ವಿಚಾರ ಹೊಳೆದದ್ದು ನಮ್ಮ ಅಕ್ಕನ ಕಣ್ಣೀರು ನೋಡಿ.

ಅಕ್ಕನ ಗಂಡ, ಅಂದರೆ ನಮ್ಮ ಮಾವ, ಬಸ್ ಕಂಡಕ್ಟರ್. ಇವತ್ತು ಮಾನ್ವಿ, ನಾಳೆ ದೇವದುರ್ಗ, ಊಟವೆಲ್ಲ ಹೊರಗೇ. ಅವರಿಗೆ ಸಕ್ಕರೆ ಕಾಯಿಲೆ ಬಂದು, ಕಾಲ್ಬೆರಳಿಗಾದ ಗಾಯ ಮಾಯದೆ ಹೋಯಿತು. "ಹೊತ್ತಿಗೆ ಎರಡೇ ರೊಟ್ಟಿ. ಇಲ್ಲಾಂದ್ರ ಬೆರಳು ತೆಗೀಬೇಕಾಗ್ತದ" ಎಂದರು ಡಾಕ್ಟರು. ಮಾವ ಡ್ಯೂಟಿ ಮುಗಿಸಿ ಬಂದೊಡನೆ ಅಕ್ಕ ಕೇಳುತ್ತಿದ್ದಳು:

"ಎಷ್ಟು ಉಂಡ್ರಿ?"

"ಎರಡು."

"ಖರೇನಾ?"

"ನೆನಪಿರೋದು ಎರಡು."

ಮಾವ ಸುಳ್ಳು ಹೇಳುವವರಲ್ಲ. ಬಡಿಸುವವನು ಮಾತಿನ ನಡುವೆ ರೊಟ್ಟಿ ಹಾಕುತ್ತಲೇ ಹೋಗುತ್ತಾನೆ, ಉಣ್ಣುವವನ ಧ್ಯಾನವೆಲ್ಲ ಪುಂಡಿಪಲ್ಯದ ಮೇಲೆ. "ಏನರ ಮಾಡೋ ತಮ್ಮಾ, ಅವರ ಕಾಲು ಉಳಸು" ಎಂದು ಅಕ್ಕ ಅತ್ತಳು. ನಾನು ದೇವರ ಫೋಟೊ ಕಡೆ ನೋಡಿದೆ. ಉಂಡದ್ದೆಷ್ಟು ಎಂದು ಉಂಡವನಿಗೆ ತಿಳಿಸುವ ಖಾನಾವಳಿ ಮಾಡಿದರೆ ಮಾವನ ಬೆರಳೂ ಉಳಿದೀತು, ಊರಿನ ಸಕ್ಕರೆ ಕಾಯಿಲೆಯವರೆಲ್ಲ ನಮ್ಮಲ್ಲೇ ಬಂದಾರು ಅನ್ನಿಸಿತು.

ಬೋರ್ಡು

"ಇಲ್ಲಿ ನೀವು ಉಂಡ ರೊಟ್ಟಿ ಎಣಿಸಿ ಹೇಳಲಾಗುವುದು" ಎಂದು ಬಾಗಿಲಿಗೆ ಬೋರ್ಡು ಹಾಕಿದೆ. ಕುಂಕುಮ ಹಚ್ಚಿ, ಕಾಯಿ ಒಡೆದೆ.

ಮೊದಲು ಬಂದವರು ಚಂದ್ರಬಂಡದ ಒಬ್ಬ ಗೌಡರು. ಓದು ಬಾರದವರು. ಎಣ್ಣೆಗಾಯಿ ಜೋಡಿ ಸಾವಕಾಶ ಉಣ್ಣುತ್ತಿದ್ದರು. ನಾನು ಭಕ್ತಿಯಿಂದ ಹತ್ತಿರ ಹೋಗಿ, "ಆರಾದ್ವು ರೀ ಗೌಡ್ರ" ಎಂದೆ.

"ಏನು ಆರು?"

"ರೊಟ್ಟಿ."

ಗೌಡರ ತುತ್ತು ಅಲ್ಲೇ ನಿಂತಿತು. "ನನ್ನ ರೊಟ್ಟಿ ಎಣಸ್ತೀಯೇನಲೇ? ನಮ್ಮವ್ವ ಸೈತ ಎಣಿಸಿಲ್ಲ!" ಎಂದವರಿಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ. "ದೃಷ್ಟಿ ತಾಕೇತಿ, ದೃಷ್ಟಿ!" ಎಂದು ಮಂದಿ ಕೂಗಿದರು. ರೊಟ್ಟಿ ಬಡಿಯುವ ನಮ್ಮ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಓಡಿ ಬಂದು, ಗೌಡರಿಗೆ ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟು ಎದ್ದಿತು. ಗೌಡರ ಬಿಕ್ಕಳಿಕೆ ನಿಂತು ಊರಿನವರ ಕೆಮ್ಮು ಶುರುವಾಯಿತು. ಎಲ್ಲರೂ ತಾಟು ಬಿಟ್ಟು ಬೀದಿಗೆ ಬಿದ್ದರು.

ಅವತ್ತು ಎಣಿಸುವುದು ಬಹಳ ಸುಲಭವಾಯಿತು. ಒಳಗೆ ಯಾರೂ ಇರಲಿಲ್ಲ.

ಹುಣಸೆ ಬೀಜ

ಬಾಯಿಂದ ಎಣಿಸಿದರೆ ತಾನೇ ದೃಷ್ಟಿ? ಬೀಜ ಇಟ್ಟರೆ ಯಾರ ದೃಷ್ಟಿ? ಮಾನ್ವಿಯಲ್ಲಿ ನನ್ನ ಗೆಳೆಯನದೊಂದು ಖಾನಾವಳಿ ಇತ್ತು. ಬಡಿಸುವವನು ಒಂದೊಂದು ರೊಟ್ಟಿಗೆ ಒಂದೊಂದು ಹುಣಸೆ ಬೀಜ ತಾಟಿನ ಪಕ್ಕ ಇಡಬೇಕು ಎಂದು ಇಬ್ಬರೂ ಗೊತ್ತು ಮಾಡಿದೆವು. ಶುರುವಾದ ದಿನ ನೋಡಬೇಕೆಂದು ಮಾವನ ಬಸ್ಸಿನಲ್ಲೇ ನಾನೂ ಹೋದೆ.

ಮಾವನ ಪಕ್ಕದಲ್ಲಿ ರುಮಾಲಿನ ಮುದುಕರೊಬ್ಬರು ಕೂತಿದ್ದರು. ಊಟ ಮುಗಿಸಿ, ತಮ್ಮ ಬೀಜಗಳನ್ನೆಲ್ಲ ಕೂಡಿಸಿ ಬಾಯಿಗೆ ಹಾಕಿಕೊಂಡರು. ಕೈ ಚಾಚಿ ಮಾವನ ಬೀಜಗಳನ್ನೂ ಬಾಚಿಕೊಂಡರು. ಕಟಕಟ ಸದ್ದು ಕೇಳಿ ನಾನು ಓಡಿ ಹೋದೆ.

"ಯಪ್ಪಾ, ಅವು ರೊಟ್ಟಿ ಲೆಕ್ಕದ ಬೀಜ ರೀ!"

"ಹೌದೇನಪಾ? ನಾ ಊಟ ಆದಮ್ಯಾಗ ತಿನ್ನಾಕ ಇಟ್ಟೀರಿ ಅಂದ್ಕೊಂಡೆ. ಮುಂದಿನ ಸಲ ಹುರದು ಇಡ್ರಿ. ಹಸೀವು, ಹಲ್ಲು ನೋಯ್ತಾವ."

ಮಾವ ಬಹಳ ಸಮಾಧಾನದಿಂದ ಕೈ ತೊಳೆದು ಬಂದರು. "ತಮ್ಮಾ, ಈಗ ನಿಮ್ಮಕ್ಕಗ ಏನು ಹೇಳಲಿ?"

"ಲೆಕ್ಕ ರುಮಾಲಿನ ಯಜಮಾನರ ಹೊಟ್ಟ್ಯಾಗ ಅದ ಅಂತ ಹೇಳ್ರಿ" ಎಂದೆ.

ದಾರ

ದೇವದುರ್ಗದಲ್ಲಿ ಮಾವ ಉಣ್ಣುತ್ತಿದ್ದ ಖಾನಾವಳಿ ನಡೆಸುತ್ತಿದ್ದವಳು ಒಬ್ಬ ಮುದುಕಿ. ಎಲ್ಲರಿಗೂ ಯವ್ವ. ಅವಳನ್ನು ಕೇಳಿಯೇ ಮೂರನೆಯ ಉಪಾಯ ಮಾಡಿದೆ. ಮಾವನ ಎಡಗೈಗೆ ಒಂದು ಕೆಂಪು ದಾರ. ಯಾವ ಊರಲ್ಲಿ ಉಂಡರೂ ಬಡಿಸುವವರು ಅದಕ್ಕೆ ರೊಟ್ಟಿಗೊಂದು ಗಂಟು ಹಾಕುವುದು. ಮನೆಗೆ ಬಂದಮೇಲೆ ಅಕ್ಕ ಬಿಚ್ಚಿ ನೋಡುವುದು. ದಾರವನ್ನು ದೇವರ ಮುಂದಿಟ್ಟೇ ಕಟ್ಟಿದೆ.

ಕಂಡಕ್ಟರನ ಕೈ ಬಸ್ಸಿನವರಿಗೆಲ್ಲ ಕಾಣುತ್ತದೆ. ಅರಕೇರಾದ ಒಬ್ಬ ಹೆಣ್ಣುಮಗಳು ಕೇಳಿಯೇಬಿಟ್ಟಳು: "ಯಪ್ಪಾ, ಯಾವ ದೇವರ ದಾರ ಇದು?"

ರೊಟ್ಟಿಯ ದಾರ ಅನ್ನಲು ಮಾವನಿಗೆ ನಾಚಿಕೆ. "ಏನಿಲ್ಲ ಯವ್ವಾ, ಹೊಟ್ಟಿಗಿ ಸಂಬಂಧ ಪಟ್ಟದ್ದು" ಎಂದರು.

"ಈ ಗಂಟು ಎಲ್ಲಿ ಹಾಕ್ತಾರ?"

"ದೇವದುರ್ಗದಾಗ, ಯವ್ವನ ಖಾನಾವಳ್ಯಾಗ."

ಸಂತೆಯ ದಿನ ಯವ್ವನ ಬಾಗಿಲಿಗೆ ಅತ್ತೆಯರ ಸಾಲು. ಪ್ರತಿಯೊಬ್ಬಳ ಹಿಂದೆ ಮಕ್ಕಳಾಗದ ಒಬ್ಬ ಸೊಸೆ! "ನಮ್ಮ ಸೊಸಿಗೂ ಒಂದು ದಾರ ಕಟ್ರಿ" ಎಂದು ಒಂದೇ ಗದ್ದಲ. ಯವ್ವನಿಗೆ ಏನೂ ತಿಳಿಯಲಿಲ್ಲ. "ಸುಮ್ಮನ ಗಂಟು ಬೀಳಂಗಿಲ್ಲ. ಮೊದಲು ಕುಂದರ್ರಿ, ಉಣ್ಣ್ರಿ" ಎಂದಳು. ಉಂಡರು. ಸೊಸೆಯೊಬ್ಬಳಿಗೆ ಎರಡು ಗಂಟಾಯಿತು. ಯವ್ವ ಇನ್ನೊಂದು ರೊಟ್ಟಿ ತಂದಾಗ ಆ ಹುಡುಗಿ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು:

"ಬ್ಯಾಡ ಯವ್ವಾ! ಸರಕಾರದವರು ಎರಡಾ ಸಾಕು ಅಂದಾರ!"

ಪ್ರಸಾದ

ಇಷ್ಟಾದರೂ ಮಾವನ ಕೈಯಲ್ಲಿ ದಾರ ಉಳಿಯಿತು. ಮೊದಲು ನಾಲ್ಕು ಗಂಟು, ಐದು ಗಂಟು ಬರುತ್ತಿದ್ದವು. ಆಮೇಲೆ ಒಮ್ಮೆಲೇ ಗಂಟುಗಳೇ ಇಲ್ಲ! ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಗಾಯ ಹಾಗೇ ಇತ್ತು, ಮಾವನ ಹೊಟ್ಟೆ ಮಾತ್ರ ಮುಂದೆ ಬರುತ್ತಿತ್ತು. ನಾನು ಕೇಳಿದೆ.

"ರೊಟ್ಟಿ ಎಲ್ಲಿ ಉಂಡೀನೋ? ನಾ ಪ್ರಸಾದ ತಗೊಂಡೀನಿ" ಎಂದರು.

ವಿಷಯ ಇಷ್ಟೇ. ದಿನಾ ಬಡಿಸುವ ಮೊದಲು ರೊಟ್ಟಿಯ ಬುಟ್ಟಿಯನ್ನು ಶಿವನ ಫೋಟೊ ಮುಂದಿಟ್ಟು ನೈವೇದ್ಯ ಮಾಡುವುದು ನಮ್ಮ ಪದ್ಧತಿ. ಮಾವ ಅದನ್ನು ನೋಡಿ ಇಟ್ಟುಕೊಂಡಿದ್ದರು.

"ಬುಟ್ಟಿ ಪೂರಾ ದೇವರ ಮುಂದ ಇಟ್ಟಿ. ಅದು ಪ್ರಸಾದ ಹೌದೋ ಅಲ್ಲೋ?"

"ಹೌದು ಮಾವಾ."

"ಪ್ರಸಾದ ಎಣಸ್ತಾರೇನು?"

ಮಾನ್ವಿಯ ಗೆಳೆಯನಿಗೂ ದೇವದುರ್ಗದ ಯವ್ವನಿಗೂ ಮಾವ ಇದನ್ನೇ ಹೇಳಿ, ಬುಟ್ಟಿಗಳನ್ನು ದೇವರ ಮುಂದೆ ಇಡಿಸಿದ್ದರು. ಮೂರೂ ಊರಲ್ಲಿ ಪ್ರಸಾದದ ಸುಗ್ಗಿ! ನಾನು ಅಕ್ಕನ ಹತ್ತಿರ ಹೋಗಿ, "ಅಕ್ಕಾ, ನನ್ನ ಕೈಲಿ ಆಗಂಗಿಲ್ಲ. ದೇವರು ಮಾವನ ಕಡಿ ಆಗ್ಯಾನ" ಎಂದು ಕಣ್ಣೊರೆಸಿಕೊಂಡೆ.

ಮರುದಿನ ಮಧ್ಯಾಹ್ನ ಅಕ್ಕನೇ ಖಾನಾವಳಿಗೆ ಬಂದಳು. ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಮಾವನ ಮುಂದೆ ನಿಂತಳು.

"ರೀ, ಇದು ಪ್ರಸಾದ ಹೌದಲ್ಲ?"

"ಹೌದು ಮತ್ತ!" ಮಾವನಿಗೆ ಬಹಳ ಖುಷಿ.

"ಹಂಗಾರ ತಾಟು ಯಾಕ? ಕೈ ಒಡ್ಡ್ರಿ."

ರೂಢಿಯಂತೆ ಮಾವನ ಎಡಗೈ ಮೇಲೆ ಬಲಗೈ ಬಂತು. ಅಕ್ಕ ಉಗುರಿನಷ್ಟು ರೊಟ್ಟಿ ಮುರಿದು ಇಟ್ಟಳು. ಮಾವ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ ಕಾದರು. ಅಕ್ಕ ಮುಂದಿನವರ ಕಡೆ ನಡೆದಳು.

"ಏ, ಇನ್ನಷ್ಟು ಹಾಕು!"

"ಬಾಯಿಬಿಟ್ಟು ಪ್ರಸಾದ ಬೇಡ್ತಾರೇನ್ರೀ? ಮಂದಿ ನೋಡಾಕತ್ಯಾರ."

ಬಸ್ಸಿನ ಡ್ರೈವರ್ ಕೈಲೇ ಅಕ್ಕ ಮಾನ್ವಿಗೂ ದೇವದುರ್ಗಕ್ಕೂ ಸುದ್ದಿ ಕಳಿಸಿದ್ದಳು. ಅಲ್ಲಿಯೂ ಉಗುರಿನಷ್ಟೇ. ದೇವದುರ್ಗದ ಯವ್ವ ಮೇಲೆ ಒಂದು ಉದ್ಧರಣೆ ತೀರ್ಥವನ್ನೂ ಹಾಕಿ, "ತೃಪ್ತಿ ಆತೇನು ಯಪ್ಪಾ?" ಎಂದಳಂತೆ.

ಮುಂದೆ ಮಾವನ ಗಾಯ ಮಾಯಿತು, ಬೆರಳು ಉಳಿಯಿತು. ಎಲ್ಲ ಶಿವನ ದಯೆ. ಆದರೆ ಉಗುರಿನಷ್ಟು ಪ್ರಸಾದದಲ್ಲೇ ಕೆಲವು ದಿನ ಕಳೆದಮೇಲೆ ಬಂದ, ಅದಕ್ಕೆ ಹಾದಿಯಾದ ಒಂದು ಬೆಳಿಗ್ಗೆಯನ್ನು ನಾನು ಮರೆಯಲಾರೆ. ಬುಟ್ಟಿಯನ್ನು ಫೋಟೊ ಮುಂದಿಟ್ಟು ಊದುಬತ್ತಿ ಹಚ್ಚಬೇಕು ಅನ್ನುವಷ್ಟರಲ್ಲಿ ಮಾವ ಕುಂಟುತ್ತ ಓಡಿ ಬಂದು ನನ್ನ ಕೈ ಹಿಡಿದರು. ದಾರಕ್ಕೆ ಆಗಲೇ ಹಲ್ಲಿನಿಂದ ತಾವೇ ಎರಡು ಗಂಟು ಹಾಕಿಕೊಂಡಿದ್ದರು.

"ತಮ್ಮಾ, ನಿನ್ನ ಕಾಲಿಗಿ ಬೀಳ್ತೀನಿ, ಒಂದು ಗಳಿಗಿ ತಡಿ! ಮೊದಲು ನನ್ನ ತಾಟಿಗಿ ಎರಡು ರೊಟ್ಟಿ ಹಾಕು. ದೇವರಿಗೆ ಗೊತ್ತಾಗೋದ್ರಾಗ ಉಂಡುಬಿಡ್ತೀನಿ!"