ಮೂರನೇ ಬೇಸಿನ ಪೇಟ

ಸುಧಾಮಣಿ: ಮೂರೇ ತಪ್ಪು ಅಂತ ಮೂರು ಬೆರಳು ಎತ್ತಿ ತೋರಿಸ್ತಿದೀರಲ್ಲ, ಬಿಟ್ಟ ಬಾಲ್ ಎಷ್ಟು ಅಂತ ತೋರಿಸೋಕೆ ಬೆರಳು ಸಾಕಾಗುತ್ತಾ? ನನ್ನವೂ ಬೇಕಾ?

ಮಂಜುನಾಥ: ಮಾತು ತಿರುಗಿಸಬೇಡ ಸುಧಾ. ಈ ಸೀಸನ್ನಲ್ಲಿ ನಂದು ಮೂರು ಎರರ್, ಆ ಲಾವಣ್ಯಾದು ಏಳು. ಮೂರು ಕಮ್ಮಿನೋ, ಏಳು ಕಮ್ಮಿನೋ? ಅಷ್ಟು ಹೇಳು.

ಸುಧಾಮಣಿ: ಮೂರು ಕಮ್ಮಿ. ಇಂಜಿನಿಯರಿಂಗ್ ಓದಿದ್ದು ವ್ಯರ್ಥ ಆಗಲಿಲ್ಲ.

ಪರದೇಶದ ಸಮರ್‌ಸೆಟ್ ಊರಿನ ಆ ಅಡುಗೆಮನೆಯಲ್ಲಿ ಭಾನುವಾರದ ಊಟ ಮುಗಿದಾಗಿನಿಂದ ಇದೇ ನಡೆದಿತ್ತು. ಸುಧಾಮಣಿ ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಪಕ್ಕದಲ್ಲಿ ಕನ್ನಡ ಸಂಘದ ಬೇಸ್‌ಬಾಲ್ ಲೀಗಿನ ಸ್ಕೋರ್ ಪುಸ್ತಕ. ಹನ್ನೊಂದು ವರ್ಷದಿಂದ ಅದನ್ನು ಬರೆಯುತ್ತಿರುವವಳು ಅವಳೇ. ಎದುರಿಗೆ ಅವಳ ಗಂಡ ಮಂಜುನಾಥ, ಮಂಡಿಗೆ ಐಸ್ ಪ್ಯಾಕ್ ಕಟ್ಟಿಕೊಂಡು, ಹನ್ನೊಂದು ವರ್ಷದಿಂದ ಮೈದಾನದ ಮೂರನೇ ಮೂಲೆ, ಅಂದರೆ ಮೂರನೇ ಬೇಸ್, ಕಾಯುತ್ತಿರುವ ವೀರ. ಇಷ್ಟು ವರ್ಷದ ಸೇವೆಗೆ ಅವನಿಗೆ ದಕ್ಕಿದ್ದು ನಾಲ್ಕು ಟೀಶರ್ಟು ಮತ್ತು ಈ ಮಂಡಿನೋವು. ಇನ್ನು ಆಡಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಪ್ರತಿ ವರ್ಷ ರಾಜ್ಯೋತ್ಸವದ ದಿನ ಒಂದೊಂದು ಜಾಗದ ಅತ್ಯುತ್ತಮ ಆಟಗಾರನನ್ನು ಸ್ಟೇಜಿಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಡುವುದು ಸಂಘದ ಪದ್ಧತಿ. ಆ ಪೇಟ ತನ್ನ ತಲೆಗೆ ಒಂದೇ ಒಂದು ಸಲ ಏರಬೇಕು ಅನ್ನುವುದು ಮಂಜುನಾಥನ ಆಸೆ. ಈ ವರ್ಷ ಬಿಟ್ಟರೆ ಇನ್ನಿಲ್ಲ. ಅಡ್ಡ ಬಂದಿದ್ದವಳು ಮೆಟುಚೆನ್ ಟೀಮಿನ ಲಾವಣ್ಯಾ, ಇಪ್ಪತ್ತಾರರ ಹುಡುಗಿ. ವೋಟು ಮೂರೇ: ಲೀಗಿನ ಅಧ್ಯಕ್ಷ ಈಶಣ್ಣನದು, ಸ್ಕೋರರ್ ಸುಧಾಮಣಿಯದು, ಹಿರಿಯ ಆಟಗಾರನಾದ್ದರಿಂದ ಮಂಜುನಾಥನದು. ತನಗೆ ತಾನೇ ಹಾಕಿಕೊಳ್ಳಬಾರದು ಅಂತ ರೂಲೇನೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಇನ್ನೊಂದು ವೋಟು ಸಿಕ್ಕರೆ ಕೆಲಸ ಆದ ಹಾಗೆ. ಆ ಇನ್ನೊಂದು ಮನೆಯಲ್ಲೇ ಕೂತು ಅವರೆಕಾಳು ಹಿತುಕುತ್ತಿತ್ತು.

ಮಂಜುನಾಥ: ಹಾಗಾದ್ರೆ ನಾನೇ ಬೆಸ್ಟ್ ಅಂತಾಯ್ತು.

ಸುಧಾಮಣಿ: ಅವಳ ಕಡೆ ಬಂದಿದ್ದು ಎಪ್ಪತ್ತು ಬಾಲ್, ಕೈ ಹಾಕಿದ್ದು ಅರವತ್ತೊಂದಕ್ಕೆ. ನಿಮ್ಮ ಕಡೆ ಬಂದಿದ್ದು ಅರವತ್ತು, ಕೈ ಹಾಕಿದ್ದು ಹತ್ತೊಂಬತ್ತಕ್ಕೆ. ಮಿಕ್ಕಿದ್ದಕ್ಕೆಲ್ಲಾ ದಾರಿ ಬಿಟ್ಟಿದೀರಿ.

ಮಂಜುನಾಥ: ಅದು ಎರರ್ ಅಲ್ವಲ್ಲ!

ಸುಧಾಮಣಿ: ಅಲ್ಲ. ಮುಟ್ಟದೇ ಇದ್ರೆ ಎರರ್ ಅಂತ ಬರೆಯೋ ಹಾಗಿಲ್ಲ. ನಿಮ್ಮಷ್ಟು ಚೆನ್ನಾಗಿ ಆ ರೂಲನ್ನ ಯಾರೂ ಪಾಲಿಸಿಲ್ಲ ಬಿಡಿ. ನಮ್ಮ ಮೇಲ್ ಬಾಕ್ಸ್ ಕಂಬಾನ ಅಲ್ಲಿ ನಿಲ್ಲಿಸಿದ್ರೆ ಸೊನ್ನೆ ಎರರ್. ಪೇಟ ಅದಕ್ಕೇ ತೊಡಿಸೋಣವಾ?

ಅಷ್ಟರಲ್ಲಿ ಅವಳ ಬೆರಳ ಸಂದಿಯಿಂದ ಒಂದು ಕಾಳು ಪುಸಕ್ಕನೆ ಚಿಮ್ಮಿ ಮಂಜುನಾಥನ ಎಡಗಡೆ ಹಾರಿತು. ಅವನು ಕೈ ಚಾಚುವ ಹೊತ್ತಿಗೆ ಅದು ಫ್ರಿಜ್ಜಿಗೆ ಬಡಿದು ಕೆಳಗೆ ಉರುಳಿತ್ತು. ಸುಧಾಮಣಿ ಪೆನ್ನು ಕೈಗೆತ್ತಿಕೊಂಡಳು.

ಮಂಜುನಾಥ: ಕೆಳಗಿಡು ಅದನ್ನ! ಫೀಲ್ಡಿಂಗ್ ಬಿಡು, ಬ್ಯಾಟಿಂಗ್ ನೋಡು. ಆಗಸ್ಟಲ್ಲಿ ಆ ಲೇಟ್ ಕಟ್ ಹೊಡೆದೆನಲ್ಲ, ಕ್ಯಾಚರ್ ಹಿಂದೆ, ಬೇಲಿವರೆಗೂ! ಗ್ರೌಂಡಲ್ಲಿದ್ದ ಕನ್ನಡದವರೆಲ್ಲಾ ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ಸುಧಾಮಣಿ: ಹೊಡೆದ್ರು, ನಾನೂ ಹೊಡೆದೆ. ಆಮೇಲೆ ಕೂತು ಫೌಲ್ ಅಂತ ಬರೆದೆ. ಇದು ಕ್ರಿಕೆಟ್ ಅಲ್ಲ ರೀ. ಹಿಂದಕ್ಕೆ ಹೋದ ಬಾಲಿಗೆ ಇಲ್ಲಿ ರನ್ನಿಲ್ಲ, ಚಪ್ಪಾಳೆಗೆ ಪುಸ್ತಕದಲ್ಲಿ ಕಾಲಂ ಇಲ್ಲ.

ಮಂಜುನಾಥ: ಮೂವತ್ತು ವರ್ಷದ ಅಭ್ಯಾಸ, ಕೈ ಕೇಳಬೇಕಲ್ಲ.

ಸುಧಾಮಣಿ: ಕಾಲೂ ಕೇಳಲಿಲ್ಲ. ಜುಲೈಯಲ್ಲಿ ಅಪರೂಪಕ್ಕೆ ಒಂದು ಒಳ್ಳೇ ಹೊಡೆತ ಹೊಡೆದ್ರಿ. ಬ್ಯಾಟ್ ಬಿಸಾಕಿ ಓಡೋದು ಬಿಟ್ಟು ಕಂಕುಳಲ್ಲಿ ಇಟ್ಕೊಂಡು ಓಡಿದ್ರಿ. ಬೇಸ್ ಇನ್ನೂ ಮೂರಡಿ ಇದೆ ಅನ್ನೋವಾಗ ಬ್ಯಾಟ್ ನೆಲಕ್ಕೆ ಚಾಚಿ, ಕ್ರೀಸ್ ಮುಟ್ಟಿದೆ ಅಂತ ಅಂಪೈರ್ ಮುಖ ನೋಡ್ಕೊಂಡು ನಿಂತ್ರಿ. ಪಾಪ, ಆ ಮನುಷ್ಯನಿಗೆ ಔಟ್ ಕೊಡೋಕೂ ಮನಸ್ಸು ಬರಲಿಲ್ಲ.

ಮಂಜುನಾಥ: ಕೊಟ್ಟನಲ್ಲ!

ಸುಧಾಮಣಿ: ನಕ್ಕು ಮುಗಿದ ಮೇಲೆ ಕೊಟ್ಟ.

ಮಂಜುನಾಥ ಐಸ್ ಪ್ಯಾಕನ್ನು ಸರಿಮಾಡಿಕೊಂಡ. ದನಿ ತಗ್ಗಿಸಿದ. ವೋಟು ಬೇಕಾದವನು ಇನ್ನೇನು ಮಾಡಿಯಾನು?

ಮಂಜುನಾಥ: ನೋಡು ಸುಧಾ, ಬಾಲ್ ಮೈಗೆ ಬಿದ್ರೆ ಬೇಸ್ ಪುಕ್ಕಟೆ ತಾನೆ? ಐದು ಸಲ ಬಾಲಿಗೆ ಮೈಯೊಡ್ಡಿ ಟೀಮಿಗೋಸ್ಕರ ಮೊದಲನೇ ಬೇಸಿಗೆ ಹೋಗಿದೀನಿ. ಲಾವಣ್ಯಾ ಒಂದ್ಸಲಾನಾದ್ರೂ ಹೋಗಿದಾಳಾ? ತ್ಯಾಗಕ್ಕೆ ಬೆಲೆ ಇಲ್ವಾ?

ಸುಧಾಮಣಿ: ಮೈಯೊಡ್ಡಿದ್ದಲ್ಲ ರೀ, ಸರಿಯೋಕೆ ಆಗಲಿಲ್ಲ. ಬಾಲ್ ಬರ್ತಿದೆ ಅಂತ ನಿಮಗೆ ಗೊತ್ತಾಗಿದ್ದೇ ಬಿದ್ದ ಮೇಲೆ.

ಮಂಜುನಾಥ: ಆಯ್ತಮ್ಮ. ನಂಬರ್ ಎಲ್ಲಾ ಬಿಟ್ಟಾಕು. ದೊಡ್ಡ ಲೀಗಲ್ಲೂ ಕೊನೆಗೆ ಕೇಳೋದು ಒಂದೇ ಪ್ರಶ್ನೆ. ಈ ಆಟಗಾರ ಇಲ್ಲದೇ ಹೋಗಿದ್ರೆ ಟೀಮಿನ ಗತಿ ಏನಾಗ್ತಿತ್ತು? ಅದನ್ನ ನೋಡು! ಅಲ್ಲಿ ನನ್ನ ಬೆಲೆ ಗೊತ್ತಾಗುತ್ತೆ.

ಸುಧಾಮಣಿಯ ಕೈ ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ಹತ್ತಿರ ಎಳೆದುಕೊಂಡಳು. ಮಂಜುನಾಥನಿಗೆ ಆಸೆ ಚಿಗುರಿತು. ಸದ್ಯ, ದಾರಿಗೆ ಬಂದಳು ಅಂದುಕೊಂಡ.

ಸುಧಾಮಣಿ: ನೀವೇ ಕೇಳಿದಿರಿ, ಆಮೇಲೆ ನನ್ನ ಮೇಲೆ ಬರಬೇಡಿ. ಹದಿನಾಲ್ಕು ಮ್ಯಾಚ್. ನೀವಿದ್ದ ಹನ್ನೊಂದರಲ್ಲಿ ನಾವು ಗೆದ್ದಿದ್ದು ನಾಲ್ಕು. ಮಂಡಿ ಹಿಡ್ಕೊಂಡು ನೀವು ಮನೇಲಿದ್ದಿದ್ದು ಮೂರು.

ಮಂಜುನಾಥ: ಆ ಮೂರಲ್ಲಿ?

ಸುಧಾಮಣಿ: ಮೂರೂ.

ಮಂಜುನಾಥ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಒಂದೊಂದೇ ಪುಟ ಮಗುಚಿದ. ಎಲ್ಲೂ ಒಂದು ಗೆರೆ ತಪ್ಪಿರಲಿಲ್ಲ. ಲಾವಣ್ಯಾ ಹಾಳೆಯಲ್ಲಿ ಹುಡುಗಿ ಎಡಕ್ಕೆ ಹಾರಿದ್ದು, ಬಲಕ್ಕೆ ಬಿದ್ದು ಹಿಡಿದಿದ್ದು ಎಲ್ಲಾ ಇತ್ತು. ಅವನಿಗೇ ನಾಚಿಕೆಯಾಯಿತು ಅನ್ನುವುದು ನಿಜ, ಅದೂ ಈ ವಯಸ್ಸಿನಲ್ಲಿ, ಅದೂ ಹೆಂಡತಿಯ ಮುಂದೆ.

ಬಾಗಿಲು ತೆರೆದೇ ಇತ್ತು. ಧಾರವಾಡದ ಈಶಣ್ಣ ಫೋನು ನೋಡಿಕೊಂಡೇ ಒಳಗೆ ಬಂದ.

ಈಶಣ್ಣ: ಏನ್ರೀ ಸುಧಾ ವೈನಿ, ಆರಾಮ? ಮಂಜುನಾಥ, ಎಲ್ಲಾ ಪ್ರಶಸ್ತಿ ಫೈನಲ್ ಆಗ್ಯಾವು, ಮೂರನೇ ಬೇಸ್ ಒಂದ ಉಳದೈತಿ ನೋಡು. ನಿನ್ನ ವೋಟು ಹೇಳಿಬಿಡು, ಈಗಿಂದೀಗ ಗ್ರೂಪಿಗೆ ಹಾಕತೇನಿ. ಲಗೂನ ಹೇಳು, ಓಲ್ಡ್ ಬ್ರಿಡ್ಜ್ ಊರಿಗೆ ಹೋಗಬೇಕು, ಪೇಟ ಅಲ್ಲೆ ಅದಾವು.

ಮಂಜುನಾಥ ಹೆಂಡತಿಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದ. ಆಮೇಲೆ ಪುಸ್ತಕ ಮುಚ್ಚಿದ.

ಮಂಜುನಾಥ: ಲಾವಣ್ಯಾ ಅಂತ ಬರ್ಕೋ.

ಈಶಣ್ಣ: ಖರೇನ? ನಿನಗ ನೀನ ಹಾಕ್ಕೊಳ್ಳೂದಿಲ್ಲೇನು?

ಮಂಜುನಾಥ: ಇಲ್ಲಪ್ಪ. ಆ ಹುಡುಗಿ ನನಗಿಂತ ಚೆನ್ನಾಗಿ ಆಡಿದಾಳೆ. ಮೂರಕ್ಕೆ ಮೂರು ವೋಟೂ ಅವಳಿಗೇ ಬರಲಿ.

ಈಶಣ್ಣ ಹೆಬ್ಬೆರಳಲ್ಲಿ ಟಪಟಪ ಒತ್ತಿದ. ಫೋನು ಠಣ್ ಅಂತು.

ಈಶಣ್ಣ: ಆತು, ಹೋತು. ಲಾವಣ್ಯಾ, ಎರಡಕ್ಕ ಒಂದು.

ಮಂಜುನಾಥ: ಎರಡಕ್ಕೆ ಒಂದಾ? ಹಾಗಾದ್ರೆ ನೀನು ನನಗೆ ಹಾಕಿದ್ಯಾ ಈಶಣ್ಣ?

ಈಶಣ್ಣ: ಛೇ, ನನಗ ಕಣ್ಣದಾವಪಾ. ನಾ ಲಾವಣ್ಯಾಗ ಹಾಕೇನಿ. ನಿನಗ ಹಾಕಿದವರು ವೈನಿ. ಮುಂಜಾನೆ ಏಳಕ್ಕನ ಕಳಿಸಿಬಿಟ್ಟಾರ.

ಮಂಜುನಾಥ ಹೆಂಡತಿಯ ಕಡೆ ತಿರುಗಿದ. ಸುಧಾಮಣಿ ತಲೆ ಎತ್ತಲಿಲ್ಲ, ಕಾಳು ಹಿತುಕುತ್ತಲೇ ಇದ್ದಳು.

ಮಂಜುನಾಥ: ಬೆಳಿಗ್ಗೇನೇ ನನಗೆ ಹಾಕಿ, ಮಧ್ಯಾಹ್ನವೆಲ್ಲಾ ನನ್ನ ಮಾನ ಹರಾಜು ಹಾಕಿದ್ಯಲ್ಲೇ! ಒಂದು ಮಾತು ಹೇಳಬಾರದಿತ್ತಾ? ನನ್ನ ವೋಟು ನನಗೇ ಹಾಕ್ಕೊಂಡಿದ್ರೆ ಪೇಟ ನನ್ನ ತಲೆ ಮೇಲಿರ್ತಿತ್ತು!

ಸುಧಾಮಣಿ: ಗೊತ್ತು ರೀ, ಅದಕ್ಕೇ ಹೇಳಲಿಲ್ಲ. ಹೆಂಡತಿ ಅಂತ ನಿಮಗೇ ವೋಟು ಹಾಕಿದೆ. ಸ್ಕೋರರ್ ಅಂತ ನೀವು ಗೆಲ್ಲದ ಹಾಗೆ ನೋಡ್ಕೊಂಡೆ.