ಸಾಬರ ಮೇಲೊಂದು ಕಣ್ಣು

ನಮ್ಮ ಸೋದರಮಾವನಿಗೆ ನಂಬಿಕೆಯಿದ್ದ ವಸ್ತು ಈ ಲೋಕದಲ್ಲಿ ಒಂದೇ ಒಂದು: ತಮ್ಮ ಅನುಮಾನ! ಹನಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತರೆ, “ಯಾಕೆ ನಿಂತ್ಕತು?” ಎನ್ನುವರು. ನಿಲ್ಲದೆ ಹೋದರಂತೂ ಕೇಳಲೇಬೇಡಿ! ಅತ್ತೆ ಮಜ್ಜಿಗೆ ಕೊಟ್ಟರೂ ಮೊದಲು ಆಕೆಯೇ ಒಂದು ಗುಟುಕು ಕುಡಿಯಬೇಕು. ಇಂಥವರ ಜೊತೆ ಆಕೆ ಹೇಗೆ ಬಾಳಿದರೋ, ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ಪಾತ್ರೆಗೆ ಕಲಾಯಿ ಹಾಕುವ ಸಾಬರ ಮೇಲೆ ಅವರಿಗೆ ವಿಶೇಷ ಅನುಮಾನ. ತವರದ ಬದಲು ಸೀಸ ಬಳಿದುಬಿಟ್ಟರೆ? ಹಾಗಾಗಿ ಸಾಬರು ಕೆಂಡಕ್ಕೆ ಗಾಳಿಯೂದುವ ತಿದಿ ಒತ್ತಲು ಕೂತರೆ ಮಾವ ಎದುರಿಗೇ ಕುಕ್ಕರುಗಾಲಲ್ಲಿ ಕೂರುವರು. ನಮ್ಮ ಪಾತ್ರೆ ಮುಗಿದರೂ ಏಳುತ್ತಿರಲಿಲ್ಲ. ಊರಿನವರ ಪಾತ್ರೆಗೂ ಇವರದೇ ಕಾವಲು. ಹೀಗೆ ಇಪ್ಪತ್ತು ವರ್ಷ ಕೂತರು. ಎಲೆಅಡಿಕೆಯೂ ಅಲ್ಲೇ, ಜಗಳವೂ ಅಲ್ಲೇ.

ಆಗ ಸರ್ಕಾರದ್ದೊಂದು ಪ್ರಕಟಣೆ ಬಂತು. ಮಹಾರಾಜರ ಪ್ರಜೆಗಳೆಲ್ಲ ಸಮಾನರು. ಆದರೂ ಅಲ್ಪಸಂಖ್ಯಾತರಿಗೆಂದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೆಲವು ಸ್ಥಾನ ಬೇರೆ ಇಡಲಾಗುವುದು. ಮೇಷ್ಟ್ರು ಚಾವಡಿಯಲ್ಲಿ ಇದನ್ನು ಓದಿದ್ದೇ ತಡ, ಮಾವನ ಹುಬ್ಬು ಮೇಲೇರಿತು.

“ಎಲ್ರೂ ಒಂದೇ ಅಂತಾರೆ, ಮತ್ತೆ ಬ್ಯಾರೆ ಮಣೆ ಆಕ್ತಾರೆ. ಏನೋ ಮಸಲತ್ತು ಐತೆ ಕಣ್ಲಾ ಸಾಬ.”

“ಇರ್ಲಿ ಬುಡಿ ಗೌಡ್ರೆ. ದೊಡ್ಡ ಪಂಕ್ತೀಲಿ ನಾಕೇ ಜನ ಇದ್ರೆ ಬಡಿಸೋನು ಮರ್ತು ಮುಂದಕ್ಕೋಯ್ತಾನೆ. ಅದ್ಕೇ ನಮ್ಗೊಂದು ಎಲೆ ಮೊದ್ಲೇ ಆಕವ್ರೆ” ಎಂದರು ಸಾಬರು.

ಮಾವ ಅದನ್ನೂ ನಂಬಲಿಲ್ಲ.

ಆ ಸ್ಥಾನಗಳ ಸಲುವಾಗಿ ಊರಿನವರ ಪಟ್ಟಿ ಬರೆಯಲು ಬಂದ ಗುಮಾಸ್ತ ಸಾಬರ ಸರದಿ ಬಂದಾಗ ಲೇಖನಿ ಕೆಳಗಿಟ್ಟ. ಕಲಾಯಿಯವರು ಊರೂರು ಅಲೆಯುವವರು, ಈ ಊರಿನವರೇ ಎನ್ನುವುದಕ್ಕೆ ಏನು ಗುರುತು? ಸಾಬರಿಗೆ ಜಮೀನಿಲ್ಲ, ಯಾವ ಕಾಗದದಲ್ಲೂ ಹೆಸರಿಲ್ಲ. ಇಲ್ಲೇ ಮದುವೆಯಾಗಿ, ಇಲ್ಲೇ ತಾಯಿಯನ್ನು ಮಣ್ಣು ಮಾಡಿದ ಮನುಷ್ಯ ಹೊರಗಿನವರಾಗಿಬಿಟ್ಟರು.

ಮಾವ ಮುಂದೆ ಬಂದರು. “ಇಪ್ಪತ್ತು ವರ್ಸದಿಂದ ಈವಯ್ಯನ ಮ್ಯಾಲೆ ಕಣ್ಣಿಟ್ಟಿವ್ನಿ ಸ್ವಾಮಿ. ಇನ್ನೂ ಒಂದು ಮೋಸಾನೂ ಸಿಕ್ಕಿಲ್ಲ. ಊರು ಬುಟ್ಟೂ ಓಗಿಲ್ಲ. ಬರ್ಕಳಿ.”

“ಇವರು ನಿಮಗೆ ಏನಾಗಬೇಕು?”

“ತಮ್ಮ.”

ಗುಮಾಸ್ತ ನಕ್ಕ. “ಅದು ಹೇಗ್ರೀ? ಅವರು ಅಲ್ಪಸಂಖ್ಯಾತರು, ನೀವು ಗೌಡರು.”

“ಎಲ್ರೂ ಒಂದೇ ಅಂತ ಓದಿಸ್ದೋರು ನೀವು. ನಾನೇ ನಂಬಿವ್ನಿ, ನಿಮ್ಗ್ಯಾಕೆ ಅನುಮಾನ?”

ಗುಮಾಸ್ತ ಲೇಖನಿ ಎತ್ತಿಕೊಂಡು ಬರೆದ. ಸಾಬರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಮಾವ ಮಾತ್ರ ಪಟ್ಟಿಯ ಮೇಲೆ ಬಗ್ಗಿ, ತಮ್ಮನ ಹೆಸರು ಸರಿಯಾಗಿ ಬಂದಿದೆಯೇ ಎಂದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡುತ್ತಿದ್ದರು.