ನೆಲ ಮಟ್ಟ ಮಾಡಿದ ಜಾಕಿಯವರಿಗೆ

ಸನ್ಮಾನ್ಯ ಜಾಕಿಯವರೇ,

ಪಾಯದ ಗುಂಡಿಯೊಳಗೆ ಕುಳಿತು, ಕುಸಿದ ಮನೆಗಳನ್ನು ನೆತ್ತಿಯ ಮೇಲೆ ಹೊತ್ತು ಎತ್ತುವ, ಮೈಯೆಲ್ಲ ಎಣ್ಣೆ ಮೆತ್ತಿಕೊಂಡ ಮಹಾನುಭಾವರಾದ ತಮಗೆ, ಕಳೆದ ವಾರ ತಾವು ಉದ್ಧಾರ ಮಾಡಿಹೋದ ಮನೆಯ ಹಿರಿಯ ಸೊಸೆಯ ಅನಂತ ನಮಸ್ಕಾರಗಳು. ಈ ಪತ್ರವನ್ನು ನ್ಯಾಯವಾಗಿ ತಮ್ಮ ಯಜಮಾನರಾದ ಗುತ್ತಿಗೆದಾರರಿಗೆ ಬರೆಯಬೇಕಿತ್ತು; ಆದರೆ ಮನೆಯನ್ನೇ ಎತ್ತಿದ ಆ ಪುಣ್ಯಾತ್ಮರು ಕೆಲಸ ಮುಗಿದ ಮೇಲೆ ಫೋನನ್ನು ಮಾತ್ರ ಎತ್ತುತ್ತಿಲ್ಲವಾದ್ದರಿಂದ, ತಮ್ಮ ಸನ್ನಿಧಿಯಲ್ಲಿಯೇ ನಾಲ್ಕು ಜನರ ಎದುರಿಗೆ ದೂರು ಹೇಳಿಕೊಳ್ಳುತ್ತಿದ್ದೇನೆ.

ನಮ್ಮದು ಒಂದೇ ಸೂರಿನ ಕೆಳಗಿನ ಎರಡು ಸಂಸಾರ. ನಾನು ಕೊಟ್ಟ ಸ್ಟೀಲಿನ ಡಬ್ಬಿ ಬೇರೆ ಯಾವುದೋ ಮುಚ್ಚಳ ಹಾಕಿಕೊಂಡು ವಾಪಸು ಬಂತೆಂಬ ಘನವಾದ ಕಾರಣಕ್ಕೆ ನನಗೂ ನನ್ನ ಓರಗಿತ್ತಿಗೂ ಮಾತು ಬಿಟ್ಟುಹೋಯಿತು. ಅಲ್ಲಿಯವರೆಗೆ ಬಾಯಿ ತುಂಬ ‘ಅಕ್ಕಾ’ ಎನ್ನುತ್ತಿದ್ದವಳು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದಳು. ನಮ್ಮ ಗಂಡಂದಿರು, ಅಂದರೆ ಅಣ್ಣತಮ್ಮಂದಿರು, ಜಗಳವಾಡುವ ಶ್ರಮವನ್ನೂ ತೆಗೆದುಕೊಳ್ಳದೆ, ಪಡಸಾಲೆಯ ನಡುವೆ ಹಲಗೆಯ ಗೋಡೆ ಹೊಡೆಸಿ, ಅದಕ್ಕೊಂದು ಬಾಗಿಲಿಡಿಸಿ, ಸಂಜೆಯಾದರೆ ಗೇಟಿನ ಹತ್ತಿರ ನಿಂತು ಒಟ್ಟಿಗೆ ಟೀ ಕುಡಿಯುತ್ತಿದ್ದರು.

ಅಷ್ಟರಲ್ಲಿ ನನ್ನ ಕಡೆಯ ಬಚ್ಚಲಿನ ಪೈಪು ನೆಲದೊಳಗೆ ಒಡೆದು, ಯಾರಿಗೂ ಗೊತ್ತಾಗದಂತೆ ಮಣ್ಣು ನೆನೆದು, ಮನೆಯ ಹಿಂದಿನ ಮೂಲೆ ಮೆಲ್ಲಗೆ ಕೂತುಬಿಟ್ಟಿತು. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಗೋಡೆ ಬಾಯಿಬಿಟ್ಟಿತು. ನೆಲ ಆಕೆಯ ಕಡೆಯಿಂದ ನನ್ನ ಕಡೆಗೆ ಇಳಿಜಾರಾಯಿತು. ನಡುಬಾಗಿಲ ಕೆಳಗೆ ಒಂದು ಸಂದಿ ತೆರೆಯಿತು. ಅಂದಿನಿಂದ ಆಕೆಯ ಕೈತಪ್ಪಿ ಬಿದ್ದ ಈರುಳ್ಳಿ, ದಾರದ ಉಂಡೆ, ಮಗುವಿನ ಚೆಂಡು ಎಲ್ಲವೂ ಹೇಳದೆ ಕೇಳದೆ ನನ್ನ ಅಡುಗೆಮನೆಗೆ ಬರತೊಡಗಿದವು. ಒಮ್ಮೆ ಬಾಗಿಲು ತೆರೆದಿದ್ದಾಗ ವಾಕರಿನಲ್ಲಿ ಕುಳಿತ ಆಕೆಯ ಮಗಳೇ ಮಂತ್ರಿಗಳ ಹಾಗೆ ಕೈಬೀಸುತ್ತಾ ಬಂದಿಳಿದಳು.

ಬಂದದ್ದನ್ನು ಹಿಂದಿರುಗಿಸಬೇಕಲ್ಲವೇ? ನಾನು ಬಾಗಿಲು ತಟ್ಟಿ, “ಇದು ಆ ಕಡೇದು ಅನ್ಸುತ್ತೆ” ಎಂದು ಗೋಡೆಗೆ ಹೇಳುತ್ತಿದ್ದೆ. ಆಕೆ “ಇದ್ರೂ ಇರಬಹುದು” ಎಂದು ಸೂರಿಗೆ ಹೇಳುತ್ತಿದ್ದಳು. ಬರಬರುತ್ತಾ ಈರುಳ್ಳಿಯ ಬೆಲೆ, ಆಮೇಲೆ ಮಗುವಿನ ಕೆಮ್ಮು, ಆಮೇಲೆ ನನ್ನ ಮಂಡಿನೋವು, ಹೀಗೆ ಮಾತು ಉದ್ದವಾಗುತ್ತಾ ಹೋಯಿತು. ‘ಅಕ್ಕಾ’ ಎಂಬುದೊಂದು ಮಾತ್ರ ಇನ್ನೂ ಬಾಯಿಗೆ ಬಂದಿರಲಿಲ್ಲ. ಒಂದು ದಿನ ಸಂದಿಯಿಂದ ಚೌಕವಾದ ಸಾಬೂನು ಬಂತು. ಜಾಕಿಯವರೇ, ತಾವು ತೂಕ, ಓರೆ, ಇಳಿಜಾರುಗಳನ್ನು ಅರೆದು ಕುಡಿದವರು. ಚೌಕದ ಸಾಬೂನು ತಾನಾಗಿ ಉರುಳಿ ಬರುತ್ತದೆಯೇ, ತಾವೇ ಹೇಳಿ. ನಾನು ಏನೂ ಗೊತ್ತಿಲ್ಲದವಳಂತೆ ಅದನ್ನು ಒರೆಸಿ ಕೊಟ್ಟುಬಂದೆ, ಆ ದಿನವೆಲ್ಲ ಖುಷಿಯಾಗಿದ್ದೆ.

ಇಂಥ ಸುಖದ ಕಾಲದಲ್ಲಿ ಗಂಡಸರ ಕಣ್ಣಿಗೆ ಗೋಡೆಯ ಬಿರುಕು ಬಿತ್ತು. ಮೇಸ್ತ್ರಿ ಬಂದು ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರೊಂದನ್ನು ಅಂಟಿಸಿ, “ಇದು ಒಡೆದ್ರೆ ಗೋಡೆ ಇನ್ನೂ ಜರುಗ್ತಿದೆ ಅಂತ ಅರ್ಥ” ಎಂದ, ಅದು ಒಡೆಯಿತು, ತಾವು ಬಿಜಯಂಗೈದಿರಿ. ಪಾಯದ ಕೆಳಗೆ ಸ್ವಲ್ಪ ಸ್ವಲ್ಪವೇ ಅಗೆದು ಕಾಂಕ್ರೀಟು ತುಂಬಿ, ತಮ್ಮನ್ನು ಕೂರಿಸಿ ಹಿಡಿ ಒತ್ತಿದರೆ, ಮನೆ ನಟಿಕೆ ಮುರಿದುಕೊಂಡು ಎದ್ದು ನಿಂತಿತು. ತಮ್ಮ ಪರಾಕ್ರಮದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಬಿರುಕು ಮುಚ್ಚಿದೆ, ಬಾಗಿಲ ಕೆಳಗಿನ ಸಂದಿಯೂ ಮುಚ್ಚಿದೆ, ಮೇಸ್ತ್ರಿ ನೆಲಕ್ಕಿಟ್ಟ ರಸಮಟ್ಟದ ಗುಳ್ಳೆ ಅತ್ತಿತ್ತ ಅಲುಗದೆ ನಟ್ಟನಡುವೆ ನಿಂತಿದೆ. ಈಗ ಆ ಕಡೆ ಏನೋ ಬಿದ್ದ ಸದ್ದಾದರೆ ನಾನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ, ಏನೂ ಬರುವುದಿಲ್ಲ. ನಿನ್ನೆ ಹಾಗೆ ನಿಂತಿದ್ದಾಗ ನನಗೆ ಅಳು ಬಂತೆಂದು ತಮ್ಮಂಥ ಕಬ್ಬಿಣದವರ ಮುಂದೆ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಮತ್ತೊಮ್ಮೆ ದಯಮಾಡಿಸಿ, ನನ್ನ ಮೂಲೆಯನ್ನು ಮೊದಲಿನಂತೆ ಕುಸಿಸಿಕೊಡಬೇಕು. ಇಳಿಸುವುದು ತಮ್ಮ ಘನತೆಗೆ ಕುಂದೆನಿಸಿದರೆ ಆಕೆಯ ಕಡೆಯನ್ನಾದರೂ ನಾಲ್ಕು ಬೆರಳು ಎತ್ತಬೇಕು. ಅದೂ ಆಗದಿದ್ದರೆ ಸಪಾಟು ನೆಲದಲ್ಲಿ ಉರುಳುವುದು ಹೇಗೆಂದು ಈರುಳ್ಳಿಗಳಿಗೆ ತಾವೇ ಖುದ್ದಾಗಿ ಕಲಿಸಿ

ಕ್ಷಮಿಸಬೇಕು, ವಾಕ್ಯ ಅರ್ಧಕ್ಕೇ ನಿಂತಿತು. ಇಷ್ಟು ಬರೆಯುವಷ್ಟರಲ್ಲಿ ನಡುಬಾಗಿಲಿನ ಮೇಲೆ ಧಡಧಡನೆ ಗುದ್ದು ಬಿತ್ತು. ಓರೆ ಮನೆಗೆ ಸರಿಹೊಂದಲೆಂದು ಬಡಗಿಯಿಂದ ಕೆರೆಸಿದ್ದ ನಮ್ಮ ಬಾಗಿಲುಗಳೆಲ್ಲ ತಮ್ಮ ಕೃಪೆಯಿಂದ ಚೌಕಟ್ಟಿಗೆ ಕಚ್ಚಿಕೊಂಡಿವೆಯಂತೆ. ಆಕೆ ಭುಜ ಕೊಟ್ಟು ನೂಕಿ, ಬಾಗಿಲ ಸಮೇತ ಎಂಬಂತೆ ಒಳಗೆ ಬಂದು, “ಅಕ್ಕಾ, ಬೇಗ ಬನ್ನಿ, ಇವ್ರು ಬಚ್ಚಲಲ್ಲಿ ಸಿಕ್ಕಾಕ್ಕೊಂಡಿದ್ದಾರೆ! ಯಾವನ್ರೀ ಇದನ್ನ ರಿಪೇರಿ ಅಂದಿದ್ದು?” ಎಂದಳು. ನನಗೆ ಕೇಳಿಸಿದ್ದು ಮೊದಲನೆಯ ಮಾತೊಂದೇ. ಅಷ್ಟರಲ್ಲಿ ಈ ಪತ್ರ ಆಕೆಯ ಕಣ್ಣಿಗೆ ಬಿದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಓದತೊಡಗಿದಳು. ಸಾಬೂನಿನ ಸಾಲಿಗೆ ಬಂದಾಗ ಕಿವಿ ಕೆಂಪಾಯಿತು. ಬಚ್ಚಲಿನಿಂದ ಮೈದುನನ ಕೂಗು ಕೇಳುತ್ತಲೇ ಇತ್ತು, ಪತ್ರ ಮುಗಿಯುವವರೆಗೆ ಆತ ಕಾಯಬೇಕಾಯಿತು. ಕೊನೆಗೆ ಆಕೆ, “ಇಷ್ಟು ಮರ್ಯಾದೆಯಾಗಿ ಬರೆದ್ರೆ ಯಾರು ಕೇಳ್ತಾರೆ ಅಕ್ಕಾ? ಪೆನ್ನು ಇಲ್ಲಿ ಕೊಡಿ” ಎಂದು ನನ್ನ ಪಕ್ಕದಲ್ಲೇ ಕುಳಿತಳು. ಆದ್ದರಿಂದ ಮೇಲಿನ ವಿನಂತಿಗಳನ್ನು ಸದ್ಯಕ್ಕೆ ತಡೆಹಿಡಿಯಬೇಕೆಂದು ಕೋರುತ್ತಾ,

ತಮ್ಮ ವಿಶ್ವಾಸಿಗಳು,
ತಗ್ಗಿನ ಕಡೆಯಲ್ಲಿದ್ದವಳು
ಮತ್ತು ಎತ್ತರದ ಕಡೆಯಲ್ಲಿದ್ದವಳು

ಮರೆತ ಮಾತು: ಇದು ಕಿರಿಯಳ ಕೈಬರಹ. ನಾವಿಬ್ಬರೂ ಸರದಿಯ ಮೇಲೆ ಬೈದ ನಂತರ ತಮ್ಮ ಯಜಮಾನರು ಫೋನೆತ್ತಿ, ನಾಳೆ ಬಡಗಿಯನ್ನು ಕಳಿಸುವುದಾಗಿ ಒಪ್ಪಿದ್ದಾರೆ. ಇವರನ್ನು ಹೇಗೋ ಹೊರಗೆಳೆದದ್ದಾಯಿತು; ಬಚ್ಚಲಿನ ಬಾಗಿಲನ್ನು ಆ ಬಡಗಿ ಖಂಡಿತ ಸರಿಮಾಡಲಿ. ನಡುಬಾಗಿಲು ಮಾತ್ರ ನಾನು ನೂಕಿದ ಏಟಿಗೆ ಅರ್ಧ ತೆರೆದು ನೆಲಕ್ಕೆ ಕಚ್ಚಿಕೊಂಡಿದೆ, ಏನು ಮಾಡಿದರೂ ಮುಚ್ಚುತ್ತಿಲ್ಲ. ಅದನ್ನು ಮುಟ್ಟಿದರೆ ಆ ಬಡಗಿಯ ಕೈ ಮುರಿಯುತ್ತೇವೆಂದು ತಿಳಿಸಿ.